ದೇವನಹಳ್ಳಿಗೆ ಹಾರಿದ ವಿಮಾನ, ಎಚ್‌ಎಎಲ್‌ನಲ್ಲಿ ಉಳಿದ ನೌಕರ

ದೇವನಹಳ್ಳಿ: ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ 24ರಂದು ಇಲ್ಲಿ ಕಾರ್ಯಾರಂಭ ಮಾಡಿತು. ಅಂದೇ ಎಚ್‌ಎಎಲ್ ನಿಲ್ದಾಣದಲ್ಲಿ ಸಾರ್ವಜನಿಕ ಪ್ರಯಾಣಿಕ ವಿಮಾನಗಳ ಸಂಚಾರ ಸ್ಥಗಿತಗೊಂಡಿತು. ಅಲ್ಲಿನ ಟರ್ಮಿನಲ್ ನಡೆಸುತ್ತಿದ್ದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಇದನ್ನು ತಡೆಯಲು ಅದಕ್ಕೆ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ದೇಶವ್ಯಾಪಿ ಮುಷ್ಕರ ಹೂಡಿದ್ದರು. ಎಚ್‌ಎಎಲ್ ಹಾಗೂ ಹೈದರಾಬಾದಿನ ಬೇಗಂಪೇಟೆ ನಿಲ್ದಾಣಗಳನ್ನು ಮುಚ್ಚಬಾರದು ಎಂಬುದು ಬೇಡಿಕೆ. ಅದರ ಹಿಂದಿದ್ದುದು ನೌಕರಿಯ ಆತಂಕ.

ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ ಎಂದು ಅಂದಿನ ವಿಮಾನಯಾನ ಸಚಿವ ಪ್ರಫುಲ್ ಪಟೇಲ್ ಭರವಸೆ ನೀಡಿದರು. ಕೆಲವೇ ದಿನಗಳಲ್ಲಿ ಮುಷ್ಕರ ಮುಗಿಯಿತು. ಎರಡೂ ನಿಲ್ದಾಣಗಳು ಮುಚ್ಚಿದವು.

ಸಚಿವರ ಮಾತಿಗೆ ಆಧಾರವಿತ್ತು. ಮುಚ್ಚಿದ್ದು ಕೆಲಸದ ಸ್ಥಳವೇ ಹೊರತು ಉದ್ಯೋಗದಾತ ಸಂಸ್ಥೆಯಲ್ಲ. ದೇಶದ ಉದ್ದಗಲಕ್ಕೂ ನಿಲ್ದಾಣಗಳನ್ನು ಹೊಂದಿರುವ ಪ್ರಾಧಿಕಾರವು ತನ್ನ ಖಾಯಂ ನೌಕರನನ್ನು ಎಲ್ಲಿಗೆ ಬೇಕಾದರೂ ವರ್ಗಾಯಿಸಬಲ್ಲದು. ದೇವನಹಳ್ಳಿಯಲ್ಲೂ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಕೈಯಲ್ಲೇ ಉಳಿಯಿತು. ಆದರೆ ಬೆಂಗಳೂರಿನಲ್ಲಿ ಮನೆ ಮಾಡಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದ ಕೆಳದರ್ಜೆಯ ನೌಕರನಿಗೆ ಪರರಾಜ್ಯದ ವರ್ಗಾವಣೆ ಆದೇಶವನ್ನು ರಕ್ಷಣೆ ಎಂದು ಕರೆಯುವುದು ಕಷ್ಟ.

ಹೋರಾಟ ತಡವಾಗಿತ್ತು ಎಂಬುದನ್ನೂ ಹೇಳಬೇಕು. ಕೇಂದ್ರ ಸರ್ಕಾರ ಮತ್ತು ನಿಲ್ದಾಣ ಕಂಪನಿಯ ನಡುವಿನ ಒಪ್ಪಂದಕ್ಕೆ 2004ರ ಜುಲೈನಲ್ಲೇ ಸಹಿ ಬಿದ್ದಿತ್ತು. 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪ್ರತಿಸ್ಪರ್ಧಿ ನಿಲ್ದಾಣ ಇರಕೂಡದೆಂಬ ಷರತ್ತು ಅದರಲ್ಲಿತ್ತು. ಹೊಸ ಕಂಪನಿಯಲ್ಲಿ ಶೇ 13ರಷ್ಟು ಪಾಲು ಇದೇ ಪ್ರಾಧಿಕಾರದ್ದು. ಅಂದರೆ, ತನ್ನ ನೌಕರರು ದುಡಿಯುತ್ತಿದ್ದ ನಿಲ್ದಾಣ ಮುಚ್ಚುವುದರಿಂದ ಲಾಭ ಪಡೆಯುವ ಕಂಪನಿಗೆ ಪ್ರಾಧಿಕಾರವೂ ಪಾಲುದಾರ!

ದೆಹಲಿ, ಮುಂಬೈ ನಿಲ್ದಾಣಗಳನ್ನು 2006ರಲ್ಲಿ ಖಾಸಗಿಗೆ ವಹಿಸಿದಾಗ ಕನಿಷ್ಠ ಶೇ 60ರಷ್ಟು ಸಾಮಾನ್ಯ ನೌಕರರಿಗೆ ಹೊಸ ಕಂಪನಿ ಉದ್ಯೋಗದ ಆಹ್ವಾನ ನೀಡಬೇಕೆಂಬ ಷರತ್ತು ಇತ್ತು. 2020ರ ಅಕ್ಟೋಬರ್ ಕೊನೆಯಲ್ಲಿ ಅದಾನಿ ಸಮೂಹದ ವಶಕ್ಕೆ ಹೋದ ಮಂಗಳೂರು ನಿಲ್ದಾಣದಲ್ಲೂ ಇಂಥದೇ ಏರ್ಪಾಡು. ಒಲ್ಲದವರಿಗೆ ಪ್ರಾಧಿಕಾರದಲ್ಲಿ ಸ್ಥಾನ ಉಳಿಯುತ್ತದೆ.

ಇದೆಲ್ಲ ಖಾಯಂ ನೌಕರರ ಮಾತು. ಅದೇ ಟರ್ಮಿನಲ್‌ಗಳ ನೆಲ ಗುಡಿಸುವ, ಟ್ರಾಲಿ ತಳ್ಳುವ ಗುತ್ತಿಗೆ ಕಾರ್ಮಿಕರು ಯಾವ ಒಪ್ಪಂದದ ಲೆಕ್ಕಕ್ಕೂ ಬರಲಿಲ್ಲ. ಏರ್ ಇಂಡಿಯಾದ ಶುಚಿತ್ವ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಗುತ್ತಿಗೆ ಪದ್ಧತಿ ನಿಷೇಧಗೊಂಡ ಕೆಲಸದಲ್ಲಿರುವವರನ್ನು ಮೂಲ ಸಂಸ್ಥೆಯೇ ನೇಮಿಸಿಕೊಳ್ಳಬೇಕು ಎಂದಿತ್ತು. ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ, 2001ರ ಆಗಸ್ಟ್‌ನಲ್ಲಿ, ಸಂವಿಧಾನ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಹೀಗಾಗಿ ಎಚ್‌ಎಎಲ್ ಟರ್ಮಿನಲ್ ಮುಚ್ಚುವ ಹೊತ್ತಿಗೆ ಗುತ್ತಿಗೆಯವರಿಗೆ ತಾನಾಗಿ ಸಿಗುವ ಹಕ್ಕು ಉಳಿದಿರಲಿಲ್ಲ.

ನೂರು ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿದ್ದರೆ ಸಂಸ್ಥೆ ಮುಚ್ಚಲು ಸರ್ಕಾರದ ಅನುಮತಿ ಬೇಕೆನ್ನುವ ನಿಯಮ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. ಆದರೆ ಅದು ಕಾರ್ಖಾನೆ, ಗಣಿ, ತೋಟಗಳಿಗೆ ಸೀಮಿತ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಈ ಮಿತಿಯನ್ನು 300ಕ್ಕೆ ಏರಿಸಿದೆ. ವಿಮಾನ ನಿಲ್ದಾಣದ ಟರ್ಮಿನಲ್ ಆಗಲೂ ಅದರ ಹೊರಗಿತ್ತು, ಈಗಲೂ ಹೊರಗೇ ಇದೆ.