ಪುಸ್ತಕ ಮುಚ್ಚಿದ ಮೇಲೆ
2024ರಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಮುಂದೆ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ನಮ್ಮ ಯಾದಗಿರಿ ಶೇ 50.59ರೊಂದಿಗೆ ಕೊನೆ. ಜಿಲ್ಲೆಯ ಬಳಿಚಕ್ರದಂಥ ಊರುಗಳ ಕಟ್ಟೆಯ ಮೇಲೆ ಒಂದೇ ಮಾತು: ‘ಹುಡುಗ್ರು ಓದಂಗಿಲ್ರೀ.’ ಓದುತ್ತಾರೆ, ಹತ್ತಿ ಬಿಡಿಸಿ ಬಂದು, ಕರೆಂಟು ಇದ್ದಷ್ಟು ಹೊತ್ತು ಕಣ್ಣುಜ್ಜಿಕೊಂಡು ಓದುತ್ತಾರೆ. ತೊಡಕಿರುವುದು ಓದುವ ಬಗೆಯಲ್ಲಿ. ಗೈಡಿನ ಸಾಲುಸಾಲಿಗೂ ಹಳದಿ ಬಳಿದು ನಾಲ್ಕು ಸಲ ತಿರುವಿದರೆ ಎಲ್ಲವೂ ಗೊತ್ತಿದೆ ಅನಿಸುತ್ತದೆ. ಪುಸ್ತಕ ಮುಚ್ಚಿ, ರದ್ದಿ ಹಾಳೆಯ ಮೇಲೆ ಥೇಲ್ಸ್ ಪ್ರಮೇಯ ಬರೆಯಲಿ ನೋಡೋಣ! ತ್ರಿಭುಜ ಬರುತ್ತದೆ, ಸಮಾಂತರ ರೇಖೆಯೂ ಬರುತ್ತದೆ, ಮೂರನೇ ಸಾಲಿಗೆ ಪೆನ್ನು ನಿಲ್ಲುತ್ತದೆ. ಓದು ಶುರುವಾಗಬೇಕಾದದ್ದು ಅಲ್ಲಿಂದ. ಅದನ್ನೇ ಎರಡು ದಿನ ಬಿಟ್ಟು ಬರೆಯಬೇಕು, ವಾರ ಬಿಟ್ಟು ಇನ್ನೊಮ್ಮೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದು ಮೊದಲ ದಿನವೇ ಹೆಚ್ಚು ಸೋರಿಹೋಗುತ್ತದೆಂದು 1885ರಲ್ಲೇ ತೋರಿಸಿದ. ನಮ್ಮಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಕತೆಪುಸ್ತಕದಂತೆ ಓದಿಬಿಡುತ್ತಾರೆ. ಗಡಿಯಾರ ಎದುರಿಗಿಟ್ಟು 80 ಅಂಕಕ್ಕೂ ಬರೆಯುವವರು ಅಪರೂಪ. ನಪಾಸಾದರೆ ಮತ್ತೆ ಬರೆಯಲು ಅವಕಾಶವಿದೆ, ನಿಜ. ಅಷ್ಟೊತ್ತಿಗೆ ಮುಂಗಾರು ಬಂದು, ಅಪ್ಪ ಹೊಲಕ್ಕೆ ಕರೆಯುತ್ತಿರುತ್ತಾನೆ.