ಗೆಳೆಯ ಕಳುಹಿಸಿದ ಸುದ್ದಿ

ಶರಣರು ಸಜ್ಜನರ ಸಂಗವನ್ನು ಬಹುವಾಗಿ ಬಯಸಿದರು. ಇಂದು ಸಂಗವು ಮೊಬೈಲಿನಲ್ಲಿಯೂ ಉಂಟು. ಓದತಕ್ಕುದನ್ನು ಗೆಳೆಯನೇ ಆರಿಸಿ ಕಳುಹಿಸುತ್ತಾನೆ. ಓದುಗನ ರುಚಿಯನ್ನು ಅವನಷ್ಟು ಬಲ್ಲವರು ವಿರಳ, ನಿಜ. ಆದರೆ ರುಚಿ ಬಲ್ಲವನು ಸತ್ಯವನ್ನೂ ಬಲ್ಲನೆಂಬ ನಂಬಿಕೆಗೆ ಆಧಾರವೇನು?

2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ತರುಣನೊಬ್ಬನ ಶವ ದೊರೆಯಿತು. ಚಿತ್ರಹಿಂಸೆ ಕೊಟ್ಟು ಕೊಂದರೆಂಬ ಸುದ್ದಿ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಸಾಗಿತು. ಕುಮಟಾದಲ್ಲಿ ಕಲ್ಲುಗಳು ತೂರಿಬಂದವು, ಪೊಲೀಸ್ ವಾಹನ ಉರಿಯಿತು. ವೈದ್ಯರು ಚಿತ್ರಹಿಂಸೆಯ ಮಾತನ್ನು ಅಲ್ಲಗಳೆದರು; ಅದು ಅಷ್ಟು ಬೇಗ ಹರಡಲಿಲ್ಲ. ಆಕಸ್ಮಿಕ ಮರಣವೆಂದು ಸಿ.ಬಿ.ಐ. ನ್ಯಾಯಾಲಯಕ್ಕೆ ವರದಿ ಸಲ್ಲಿಸಿದ್ದು 2022ರಲ್ಲಿ.

2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ದಾಟಿಸಲು ಮಿತಿ ಹಾಕಿತು. ‘ಇದನ್ನು ನೀನು ಕಂಡೆಯಾ?’ ಎಂದು ಗೆಳೆಯನನ್ನು ಕೇಳುವ ಭಾರ ಓದುಗನದಾಗಿಯೇ ಉಳಿದಿದೆ.