ಚಿಪ್ಪಿನ ಬಣ್ಣ ನೋಡಿ ಏಡಿಗೆ ಹೆಸರಿಡಬೇಡಿ

ಕಳೆದ ಬೇಸಿಗೆಯಲ್ಲಿ ಕೋಸಗಿಗೆ ಹೋಗಿದ್ದೆ. ತೆಲಂಗಾಣದ ಆ ಬಿಸಿಲೂರಿನಲ್ಲಿ ನಮ್ಮ ಮಾಮನದ್ದೊಂದು ಬೇಕರಿ ಇದೆ. ಕಡಲಗಾಳಿಯೇ ಮುಟ್ಟದ ಊರಲ್ಲಿ ಮಾಮನ ಮಗಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸನ್ಯಾಸಿ ಏಡಿ ಸಾಕಿದ್ದಳು! ತಂದಿದ್ದು ಎರಡು. ಮಾರಿದವನು ಚಿಪ್ಪಿಗೆ ನೀಲಿ ಪೇಂಟ್ ಬಳಿದು, "ಬೀಚ್ ಏಡಿ" ಎಂದು ಕೊಟ್ಟಿದ್ದನಂತೆ. ಬೀಚಿನದ್ದಾದರೆ ಉಪ್ಪುನೀರು ಬೇಕಲ್ಲ ಎಂದು ಮಾಮಿ ಒಂದನ್ನು ಉಪ್ಪು ಕದಡಿದ ಬಕೆಟಿನಲ್ಲಿ ಮುಳುಗಿಸಿಟ್ಟರು. ಬೆಳಿಗ್ಗೆಗೆ ಅದು ಸತ್ತಿತ್ತು.

ಪಾಪ, ಮಾಮಿಯದ್ದು ತಪ್ಪಲ್ಲ. ಹೆಸರು ಹೇಳದೆ ಮಾರಿದ್ದೇ ತಪ್ಪು. ಪಣಂಬೂರು, ಉಳ್ಳಾಲದಲ್ಲಿ ಅಲೆಯಂಚಿನಲ್ಲಿ ನಮ್ಮ ಮಕ್ಕಳು ಹೆಕ್ಕುವವು ಹೆಚ್ಚಾಗಿ ಕಡಲ ಜಾತಿಯವು, ಅವು ನೀರಿಲ್ಲದೆ ಸಾಯುತ್ತವೆ. ಲಕ್ಷದ್ವೀಪದಂಥ ಕಡೆ ತೆಂಗಿನಬುಡದಲ್ಲಿ ಓಡಾಡುವ ಸೀನೊಬಿಟಾ ಕುಲದವು ನೆಲದವು. ಅವುಗಳ ಕಿವಿರಿಗೆ ತೇವದ ಗಾಳಿ ಸಾಕು, ನೀರಲ್ಲಿ ಮುಳುಗಿಸಿಟ್ಟರೆ ಉಸಿರು ಕಟ್ಟುತ್ತದೆ.

ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. "ನೀಲಿ ಏಡಿ" ಎಂದು ನಾಲ್ಕು ಜನ ತೀರ್ಪು ಕೊಟ್ಟರು. ಚಿಪ್ಪು ಏಡಿಯದ್ದೇ ಅಲ್ಲ, ಸತ್ತ ಶಂಖದ್ದು. ನೋಡಬೇಕಾದ್ದು ಎಡಗೈ. ಸೀನೊಬಿಟಾಗೆ ಎಡ ಕೊಂಬೇ ದೊಡ್ಡದು, ಒಳಗೆ ಹೊಕ್ಕಾಗ ಅದೇ ಬಾಗಿಲು. ರುಗೋಸಸ್ ಜಾತಿಗೆ ಆ ಕೊಂಬಿನ ಹೊರಮೈಯ ಮೇಲ್ಭಾಗದಲ್ಲಿ ಅರದ ಹಲ್ಲಿನಂಥ ಓರೆಗೆರೆಗಳಿರುತ್ತವೆ. ಬ್ರೆವಿಮಾನಸ್‌ಗೆ ಅವಿಲ್ಲ, ಕೊಂಬು ನೇರಳೆ. ಪರ್ಲಾಟಸ್ ಬೆಳೆದ ಮೇಲೆ ಕೆಂಪು, ಮೈತುಂಬ ಬಿಳಿ ಕಾಳು. ಆದರೆ ಅದರ ಮರಿ ಬಿಳಿಚಿಕೊಂಡಿರುತ್ತದೆ. ರುಗೋಸಸ್ಸಂತೂ ಬೂದು, ಕಂದು, ಹಸಿರು, ಹೇಗೂ ಇರಬಹುದು. ಆದ್ದರಿಂದ ಮೈಬಣ್ಣವನ್ನೂ ನಂಬುವ ಹಾಗಿಲ್ಲ. ಮೊಬೈಲಿನಲ್ಲಿ ಹಿಗ್ಗಿಸಿದಾಗ ಗೆರೆಗಳು ಕಂಡವು. ರುಗೋಸಸ್ ಎಂದು ನನ್ನ ಅಂದಾಜು.

ಇಷ್ಟೆಲ್ಲ ಯಾಕೆ ಎಂದು ಮಾಮ ನಕ್ಕರು. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದ ಹೆಂಗಸಿನ ಹದೀಸನ್ನು ಮದ್ರಸದಲ್ಲಿ ಕಲಿತವರು ನಾವು. ಏನು ಬೇಕೆಂದು ತಿಳಿಯದ ಜೀವವನ್ನು ಡಬ್ಬಿಯಲ್ಲಿಡುವುದು ಅದಕ್ಕಿಂತ ಬೇರೆಯೇ? ಪೆರ್ನಾಲ್ ಮರುದಿನ ಬೀಚಿಗೆ ಹೋದಾಗ ಮಕ್ಕಳಿಗೆ ಏಡಿ ತೋರಿಸಿ, ಅಲ್ಲೇ ಬಿಡಿಸಿ. ಖಾಲಿ ಶಂಖವನ್ನೂ ಚೀಲಕ್ಕೆ ಹಾಕಬೇಡಿ, ಬೆಳೆಯುತ್ತಿರುವ ಏಡಿಗೆ ಮುಂದಿನ ಮನೆ ಅದೇ.

ಉಳಿದ ಏಡಿಯ ಡಬ್ಬಿಗೆ ಒದ್ದೆ ಮರಳು, ತೆಂಗಿನ ನಾರು ಹಾಕಿ, ಪೇಂಟಿಲ್ಲದ ಎರಡು ಚಿಪ್ಪು ಇಟ್ಟೆ. "ಇದು ಮರಿ ಹಾಕುತ್ತಾ?" ಎಂದಳು ಹುಡುಗಿ. ಹೆಣ್ಣು ಮೊಟ್ಟೆ ಬಿಡಲು ಕಡಲಿಗೇ ಹೋಗಬೇಕು ಎಂದೆ. ಇಲ್ಲಿಂದ ಕಡಲು ಎಷ್ಟು ದೂರ ಎಂದು ಅವಳು ಮ್ಯಾಪ್ ತೆರೆದಳು.